ಒಗ್ಗರಣೆ ಇಲ್ಲದ ಒಂಬತ್ತು ದಿನ

೬ ಫೆಬ್ರವರಿ ೧೯೩೦, ಗುರುವಾರ

ಚಪ್ಪಲಿಯ ಬಾರು ಮತ್ತೆ ಕಿತ್ತಿತು. ಮಲಪನಗುಡಿಯಿಂದ ಹೊಸಪೇಟೆಯವರೆಗೆ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಇವತ್ತು ಏಳು ಮನೆ. ಐದರಲ್ಲಿ ಕೂರಿಸಿ ಕೇಳಿದರು, ಒಂದರಲ್ಲಿ ನಿಲ್ಲಿಸಿ ಕೇಳಿದರು, ಒಂದರಲ್ಲಿ ನಾಯಿ ಬಿಟ್ಟರು. ಮಿಷನ್ನಿನ ಬೈಬಲ್ ಬೋಧಕಿಯಾಗಿ ಹದಿನೇಳು ವರ್ಷ. ನಾಯಿಗೂ ನನ್ನ ಗುರುತು ಹತ್ತಿದೆ, ಒಂದೆರಡು ಸಲ ಬೊಗಳಿ ಸುಮ್ಮನಾಯಿತು.

ಮಿಷನ್ನಿನ ದೊರೆಸಾನಿ ಮಿಸ್ಸಮ್ಮನಿಗೆ ಕೊಡುವ ರಿಪೋರ್ಟ್ ಬರೆದು ಮುಗಿಸಿ ಇದಕ್ಕೆ ಕೂತೆ. ಅದು ಎಲ್ಲರಿಗೂ. ಇದು ಯಾರಿಗೂ ಅಲ್ಲ.

ಊರಲ್ಲಿ ಸಿಡುಬು ಎದ್ದಿದೆ. ಜನ ಹಾಗನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟುತ್ತಾರೆ. ಒಂಬತ್ತು ದಿನ ಒಗ್ಗರಣೆ ಹಾಕುವುದಿಲ್ಲ. ಕಾದ ಎಣ್ಣೆಯ ಘಾಟು ಆ ತಾಯಿಗೆ ಆಗದಂತೆ, ಸಿಟ್ಟಾದರೆ ಮಗುವನ್ನು ಒಯ್ಯುತ್ತಾಳಂತೆ. ನೆರೆಹೊರೆಯವರೂ ಹಾಕಬಾರದು. ಇರಲಿ, ಅವರ ನಂಬಿಕೆ ಅವರದು. ಆದರೆ ನಮ್ಮ ಮಿಷನ್ ಕೇರಿಯಲ್ಲಿ, ಇಪ್ಪತ್ತು ಕ್ರೈಸ್ತ ಮನೆಗಳ ನಡುವೆ, ನನ್ನ ಮನೆಯಿಂದ ನಾಲ್ಕನೇ ಬಾಗಿಲಿಗೆ ಇವತ್ತು ಬೇವು! ಉಚ್ಚೆಂಗಪ್ಪನ ಮನೆ. ಸಂಡೂರಿನ ಅದಿರು ಗುಡ್ಡದಲ್ಲಿ ಕೂಲಿ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಮಗ ಮಲಗಿದ್ದಾನೆ, ಅದಕ್ಕೆ ಕೆಲಸ ಬಿಟ್ಟು ಬಂದಿದ್ದಾನಂತೆ. ನಾಲ್ಕು ವರ್ಷದ ಹಿಂದೆ ದೀಕ್ಷಾಸ್ನಾನದ ದಿನ ಗಳಗಳ ಅತ್ತ ಮನುಷ್ಯ. ಈಗ ಬೇವು.

ರಿಪೋರ್ಟಿನಲ್ಲಿ ಬರೆದೆ: ಉಚ್ಚೆಂಗಪ್ಪನ ಬಾಗಿಲಿಗೆ ಬೇವು ಕಂಡಿತು. ಕಂಡದ್ದನ್ನು ಬರೆಯಲು ಅಂಜಿಕೆ ಏನು? ಆಮೇಲೆ ಒಲೆಯ ಮುಂದೆ ಕೂತು ದಿನಕ್ಕಿಂತ ಎರಡು ಪಟ್ಟು ಬೆಳ್ಳುಳ್ಳಿ ಜಜ್ಜಿ, ನಾಲ್ಕು ಒಣಮೆಣಸಿನಕಾಯಿ ಮುರಿದು ಒಗ್ಗರಣೆ ಕೊಟ್ಟೆ. ಘಾಟು ನಾಲ್ಕನೇ ಮನೆಗೂ ಹೋಗಲಿ ಎಂದೇ. ಮೊಮ್ಮಗಳು ರೂತಿ ಏಳು ಸಲ ಸೀನಿದಳು.

೯ ಫೆಬ್ರವರಿ, ಭಾನುವಾರ

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯ ಮೂಕಣ್ಣ ನನ್ನನ್ನು ನಿಲ್ಲಿಸಿದ. ರಿಪೋರ್ಟ್ ಓದಿದ್ದಾನೆ. ಈತ ಬಡಗಿ. ಸಭೆಯ ಬೆಂಚುಗಳನ್ನು ಮಾಡಿದವನೂ ಈತನೇ, ಅದರ ಮೇಲೆ ಯಾರು ಕೂರಬಹುದು ಎಂದು ಹೇಳುವವನೂ ಈತನೇ.

"ಹೆಸರು ಹೊಡೀಬೇಕಾಗ್ತೈತಿ ಭರಮಮ್ಮಾರ. ನೀವು ಕಣ್ಣಾರೆ ಕಂಡೀರಿ. ಸಾಕ್ಷಿ ನಿಮ್ದ."

"ಸಾಕ್ಷಿ ಹೇಳಾಕ ನನಗೇನು ಅಂಜಿಕಿ?" ಅಂದೆ.

ಹೆಸರು ಹೊಡೆಯುವುದೆಂದರೆ ಸಭೆಯ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಗೀಟು. ಆಮೇಲೆ ಕರ್ತನ ಭೋಜನದ ರೊಟ್ಟಿ ಇಲ್ಲ. ಮಕ್ಕಳ ಮದುವೆ ಇಲ್ಲಿ ಆಗದು. ಸತ್ತರೆ ನಮ್ಮ ಸ್ಮಶಾನದಲ್ಲಿ ಜಾಗವಿಲ್ಲ. ಪಾಸ್ಟರ್ ಜಂಬಪ್ಪಯ್ಯನವರು ಪಕ್ಕದಲ್ಲೇ ನಿಂತು ಕನ್ನಡಕ ಒರೆಸುತ್ತಿದ್ದರು.

೧೩ ಫೆಬ್ರವರಿ, ಗುರುವಾರ

ರೂತಿಗೆ ಜ್ವರ. ಬೆನ್ನು ನೋಯುತ್ತದೆ ಅನ್ನುತ್ತಾಳೆ. ಬಿಸಿಲಲ್ಲಿ ಆಡಿದ್ದಕ್ಕಿರಬೇಕು.

೧೬ ಫೆಬ್ರವರಿ, ಭಾನುವಾರ

ಬಿಸಿಲಲ್ಲ. ಹಣೆ ಮೇಲೆ ಎದ್ದಿವೆ. ಮುಂಗೈ ಮೇಲೂ.

ಲಸಿಕೆಯವನು ನವೆಂಬರಿನಲ್ಲಿ ಕೇರಿಗೆ ಬಂದಿದ್ದ. ನಾನು ಕಂಪ್ಲಿಯಲ್ಲಿದ್ದೆ, ಆಲೆಮನೆಯ ಹೆಂಗಸರಿಗೆ ಓದಿ ಹೇಳಲು. ಬಿಸಿ ಬೆಲ್ಲ ತಿನ್ನಲಿ ಅಂತ ಇವಳನ್ನೂ ಕರೆದೊಯ್ದಿದ್ದೆ. ಬೆಲ್ಲ ತಿಂದಳು. ಲಸಿಕೆ ತಪ್ಪಿತು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು...

ನನ್ನ ಮಗಳು ಹೆತ್ತು ಮೂರನೇ ದಿನ ಇವಳನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಆರು ವರ್ಷ ಆಯಿತು. ನನಗಿರುವುದು ಇವಳೊಬ್ಬಳು. ಕರ್ತನೇ, ಇವಳೊಬ್ಬಳು.

೧೮ ಫೆಬ್ರವರಿ

ಗಂಟಲಲ್ಲೂ ಎದ್ದಿವೆ. ನೀರು ಇಳಿಯುತ್ತಿಲ್ಲ —

೩ ಮಾರ್ಚ್, ಸೋಮವಾರ

ಬದುಕಿದ್ದಾಳೆ. ಮೊದಲು ಇದನ್ನು ಬರೆಯಬೇಕು. ರೂತಿ ಬದುಕಿದ್ದಾಳೆ. ಈಗ ಗಂಜಿ ಕುಡಿದು, ಉಪ್ಪು ಕಡಿಮೆ ಎಂದು ಜಗಳ ಮಾಡಿದಳು. ಮುಖದ ಮೇಲೆ ಕಲೆ ಉಳಿಯುತ್ತವೆ. ಉಳಿಯಲಿ.

ಕೆರೆದುಕೊಳ್ಳದಿರಲಿ ಎಂದು ಅವಳ ಎರಡೂ ಕೈಗೆ ಬಟ್ಟೆ ಸುತ್ತಿ ಹಗಲೂ ರಾತ್ರಿ ಹಿಡಿದು ಕೂತಿದ್ದೆ. ಉರಿ ತಾಳದೆ "ನೀ ಬ್ಯಾಡ! ಹೋಗು! ನೀ ಕೆಟ್ಟಾಕಿ!" ಎಂದು ಕೂಗಿ ನನ್ನ ಮುಂಗೈ ಕಚ್ಚಿದಳು. ರಕ್ತ ಬಂತು. ಹಲ್ಲಿನ ಗುರುತು ಇನ್ನೂ ಇದೆ. ಆದರೆ ಬರೆಯಬೇಕಾದದ್ದು ಅದಲ್ಲ.

ಬರೆಯಬೇಕಾದದ್ದು ಇದು. ೧೮ನೇ ತಾರೀಕಿನ ಸಂಜೆ ಸಾರಿಗೆ ಎಣ್ಣೆ ಕಾಯಿಸಲು ಹೋದ ಕೈ ತಾನಾಗಿ ಹಿಂದಕ್ಕೆ ಬಂತು. ಮಗುವಿಗೆ ಕೆಮ್ಮು ಬಂದೀತು ಅಂದುಕೊಂಡೆ. ಸುಳ್ಳು. ಹೆದರಿದ್ದೆ. ಒಂಬತ್ತು ದಿನ ಒಗ್ಗರಣೆ ಹಾಕಲಿಲ್ಲ.

೨೨, ಶನಿವಾರ ಮಧ್ಯಾಹ್ನ. ಕೇರಿಯವರೆಲ್ಲ ಕೆಲಸಕ್ಕೆ ಹೋಗಿದ್ದರು. ರೂತಿಗೆ ಜೊಂಪು ಹತ್ತಿತ್ತು. ಮೊಸರನ್ನ ಕಲಸಿದೆ. ಆರು ಹಸಿರು ಬಳೆ ಬಟ್ಟೆಯಲ್ಲಿ ಕಟ್ಟಿಕೊಂಡೆ. ಸೆರಗು ಮುಖಕ್ಕೆ ಎಳೆದುಕೊಂಡು ಊರಮ್ಮನ ಗುಡಿಗೆ ಹೋದೆ. ನಾನು. ಬೋಧಕಿ ಭರಮಮ್ಮ. "ತಾಯೀ, ಕೂಸಿನ್ನ ಬಿಟ್ಟುಬಿಡು, ಏನು ಬೇಕಾದ್ರೂ ಕೊಡ್ತೀನಿ" ಅಂದೆ. ಬಾಯಿಮಾತಿಗಲ್ಲ, ಹೊಟ್ಟೆಯೊಳಗಿಂದ ಅಂದೆ. ಏನು ಬೇಕಾದರೂ ಎಂದರೆ ಅದರಲ್ಲಿ ನನ್ನ ಕರ್ತನೂ ಬಂದನಲ್ಲ.

ಮೂರನೇ ದಿನ ಜ್ವರ ಇಳಿಯಿತು. "ಇಳಿಯೋ ಹೊತ್ತಿಗೇ ಇಳಿದೈತ್ರಿ" ಅಂದ ದವಾಖಾನೆಯ ಡ್ರೆಸ್ಸರ್. ಇರಬಹುದು. ಕೈ ಮುಗಿದದ್ದು ಮುಗಿದದ್ದೇ.

೧೧ ಮಾರ್ಚ್, ಮಂಗಳವಾರ

ಕೆಲಸಕ್ಕೆ ಹೊರಟೆ. ಪಾಪಿನಾಯಕನಹಳ್ಳಿ, ಒಂಬತ್ತು ಮನೆ. ಕಳೆದುಹೋದ ಕುರಿಯ ಕಥೆ ಹೇಳಿದೆ. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ ಎಂಬ ಗಾದೆ ದಾರಿಯುದ್ದಕ್ಕೂ ಕಿವಿಯಲ್ಲಿ ಕೂಗುತ್ತಿತ್ತು.

ಸತ್ಯವೇದದಲ್ಲಿ ಒಂದು ಮಾತಿದೆ. ಬೆಳಕು ಕಂಡು, ವರದ ರುಚಿ ನೋಡಿ, ಆಮೇಲೆ ಜಾರಿದವರನ್ನು ಮತ್ತೆ ತಿರುಗಿಸುವುದು ಆಗದು ಎಂಬಂತೆ. ಹದಿನೇಳು ವರ್ಷ ಆ ಹಾಳೆಯನ್ನು ಬೇರೆಯವರಿಗೆ ಓದಿ ಹೆದರಿಸಿದ್ದೇನೆ. ಈಗ ಅದು ನನ್ನನ್ನು ಓದುತ್ತಿದೆ.

ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುತ್ತದೆಯೇ? ನನಗೆ ಬೇಕಾದದ್ದು ಇದೊಂದೇ ಉತ್ತರ. ಕೇಳುವುದು ಯಾರನ್ನು? ಕೇಳಿದ ಕೂಡಲೇ "ಯಾಕ್ರಿ?" ಅನ್ನುತ್ತಾರೆ.

೨೧ ಮಾರ್ಚ್, ಶುಕ್ರವಾರ

ಹಂಪಿ. ಶುಕ್ರವಾರಕ್ಕೊಮ್ಮೆ ಅಕ್ಕನಾಗಮ್ಮನ ಮನೆ. ಬಟ್ಟೆ ವ್ಯಾಪಾರ ಮಾಡುತ್ತಿದ್ದವರ ಹೆಂಡತಿ, ಈಗ ವಿಧವೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಕೊರಳಲ್ಲಿ ಲಿಂಗ, ನಾಲಿಗೆಯಲ್ಲಿ ಕತ್ತರಿ. ಏಳು ವರ್ಷದಿಂದ ನಾನು ಓದುವುದನ್ನು ಕೇಳುತ್ತಾಳೆ, ಒಂದು ಮಾತನ್ನೂ ಒಪ್ಪುವುದಿಲ್ಲ, ಮಜ್ಜಿಗೆ ಕೊಡದೆ ಕಳಿಸುವುದೂ ಇಲ್ಲ.

ಇವತ್ತು ಓದಲು ಆಗಲಿಲ್ಲ. ಪುಸ್ತಕ ತೆರೆದು ಮತ್ತೆ ಮುಚ್ಚಿದೆ. ಅವಳು ನನ್ನನ್ನೇ ನೋಡಿದಳು. ಏನೂ ಕೇಳದೆ ತನ್ನ ಕಥೆ ತೆಗೆದಳು. ಹದಿನಾರು ವರ್ಷಕ್ಕೆ ಮದುವೆಯಾಗಿ ಆನೆಗೊಂದಿ ಕಡೆಯಿಂದ ಹರಿಗೋಲಿನಲ್ಲಿ ಬರುತ್ತಿದ್ದಳಂತೆ. ನೀರು ಮುಟ್ಟಲು ಬಗ್ಗಿದಾಗ ದಾರ ಕಿತ್ತು ಲಿಂಗ ಹೊಳೆ ಪಾಲು.

"ಲಿಂಗ ಕಳಕೊಂಡಾಕಿ ಪ್ರಾಣ ಇಟ್ಕೋಬಾರದು ಅಂದ್ಲು ನಮ್ಮತ್ತಿ. ಮೂರು ದಿನ ಒಂದು ಗುಟುಕು ನೀರು ಕುಡೀಲಿಲ್ಲ ನಾನು. ಆಮ್ಯಾಲೆ ಅಯ್ಯನೋರು ಬಂದ್ರು. 'ತಂಗೀ, ಕಳದದ್ದು ನಿನ್ನ ಕೈಯಾಗಿಂದು. ಅವನ ಕೈಯಾಗಿಂದು ಯಾವುದೂ ಕಳಿಯಂಗಿಲ್ಲ' ಅಂದು ಇನ್ನೊಂದು ಕಟ್ಟಿದ್ರು. ಇದ ನೋಡು ಅದು." ಎದೆ ಮುಟ್ಟಿಕೊಂಡಳು. "ನಿನ್ನ ಪುಸ್ತಕದಾಗೂ ಹಂಗ ಏನರ ಇರಬೇಕಲ್ಲವಾ. ಹುಡುಕಿ ಹೇಳು."

ಇದೆ. ಹುಡುಕಬೇಕಾಗಿಲ್ಲ. ತನ್ನ ಕೈಯಿಂದ ಕುರಿಗಳನ್ನು ಯಾರೂ ಕಸಿಯಲಾರರು ಎಂದು ಕುರುಬನಾದ ಕರ್ತನೇ ಹೇಳಿದ್ದು. ಹೋದ ವರ್ಷ ಇದೇ ಜಗಲಿಯ ಮೇಲೆ ನಾನೇ ಅವಳಿಗೆ ಓದಿದ್ದೆ! ಆದರೆ ಒಂದು ಕೊಕ್ಕೆ ಉಳಿಯಿತು. ಯಾರೂ ಕಸಿಯಲಾರರು, ಸರಿ. ನಾನೇ ಕೊಸರಿಕೊಂಡು ಹಾರಿದರೆ?

ಬರುವಾಗ ಬಜಾರಿನಲ್ಲಿ ಕೋತಿ ಕೈಚೀಲ ಕಿತ್ತುಕೊಂಡು ಮಂಟಪ ಹತ್ತಿತು. ಶೇಂಗಾ ತಿಂದಿತು. ರಿಪೋರ್ಟ್ ಪುಸ್ತಕ ಕೈಗೆತ್ತಿಕೊಂಡಿತು. ಫೆಬ್ರವರಿ ಆರರ ಹಾಳೆಯನ್ನು ಹರಿಯಲಿ ಎಂದು ನಿಂತು ಕಾದೆ. ಮೂಸಿ ನೋಡಿ ನನ್ನ ತಲೆಯ ಮೇಲೇ ಎಸೆಯಿತು.

೩೦ ಮಾರ್ಚ್, ಭಾನುವಾರ

ಧೈರ್ಯ ಮಾಡಿ ನಮ್ಮ ಪಾಸ್ಟರ್ ಅಯ್ಯನವರನ್ನು ಕೇಳಿದೆ. "ಕಂಪ್ಲ್ಯಾಗ ಒಬ್ಬಾಕಿ ಕೇಳಿದ್ಲ್ರಿ" ಎಂದು ಸುಳ್ಳು ಸೇರಿಸಿ. ವಿಶ್ವಾಸಿಯಾದವಳು ಬಿದ್ದರೆ ರಕ್ಷಣೆ ಹೋಗುತ್ತದೆಯೇ ಅಂತ.

ಅಯ್ಯನವರು ಕನ್ನಡಕ ಒರೆಸಿದರು. "ನಿಜವಾದ ವಿಶ್ವಾಸಿ ಹಂಗ ಬೀಳಂಗಿಲ್ರಿ. ಬಿದ್ದಾಳ ಅಂದ್ರ ಮೊದಲ ಆಕಿ ವಿಶ್ವಾಸಿ ಆಗಿದ್ದಿಲ್ಲ ಅಂತ ತಿಳೀಬೇಕು."

ಮೂಕಣ್ಣ ಪಕ್ಕದಿಂದ ಬಾಯಿ ಹಾಕಿದ. "ಎಲ್ಲಿದ್ರಿ! ವಿಶ್ವಾಸಿನೇ ಆಗಿರ್ತಾಳ, ಬಿದ್ದ ದಿನ ಕಳಕೊಂತಾಳ. ದಿನಾ ಕಾಯ್ಕೋಬೇಕು. ಉಳಿ ಮಸೆಯೋದು ಬಿಟ್ರ ತುಕ್ಕು ಹಿಡಿಯಂಗಿಲ್ಲೇನು?"

ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ನಾನು ನಡುವೆ ನಿಂತಿದ್ದೆ. ಒಬ್ಬರ ಲೆಕ್ಕದಲ್ಲಿ ನನ್ನದು ಹೋಯಿತು, ಇನ್ನೊಬ್ಬರ ಲೆಕ್ಕದಲ್ಲಿ ನನಗೆ ಇರಲೇ ಇಲ್ಲ. ಇರಲೇ ಇಲ್ಲವೇ? ಹದಿನೇಳು ವರ್ಷ ಬಿಸಿಲಲ್ಲಿ ಹಾಡಿಕೊಂಡು ನಡೆದದ್ದು, ಮಗಳನ್ನು ಮಣ್ಣು ಮಾಡಿ ಬಂದ ದಿನವೂ ಪ್ರಾರ್ಥನೆಯಲ್ಲಿ ಎದೆ ಹಗುರಾದದ್ದು, ಎಲ್ಲ ಸುಳ್ಳೇ? ಸಿಟ್ಟು ಬಂತು. ಬಹಳ ದಿನದ ಮೇಲೆ ಸಿಟ್ಟು ಬಂದದ್ದಕ್ಕೆ ಸಮಾಧಾನವೂ ಆಯಿತು.

೬ ಏಪ್ರಿಲ್, ಭಾನುವಾರ

ಬಜಾರಿನಲ್ಲೆಲ್ಲ ಉಪ್ಪಿನ ಸತ್ಯಾಗ್ರಹದ ಮಾತು. ನನಗೆ ನನ್ನದೇ ಚಿಂತೆ. ಸಭೆಯ ಕಮಿಟಿ ತೀರ್ಮಾನ ಮಾಡಿದೆ: ಶುಭ ಶುಕ್ರವಾರ, ಆರಾಧನೆಯ ನಂತರ, ಇಡೀ ಸಭೆಯ ಮುಂದೆ ಉಚ್ಚೆಂಗಪ್ಪನ ಹೆಸರು ಹೊಡೆಯುವುದು. ಬೋಧಕಿ ಭರಮಮ್ಮ ಎದ್ದು ನಿಂತು ತನ್ನ ರಿಪೋರ್ಟ್ ಓದತಕ್ಕದ್ದು. ಮಿಸ್ಸಮ್ಮ ಬೇಸಿಗೆಗೆ ಬೆಟ್ಟಕ್ಕೆ ಹೋಗಿದ್ದಾರೆ. ಅವರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಓದಿದರೆ ಅವನ ಹೆಸರು ಹೋಗುತ್ತದೆ. ನನ್ನದನ್ನು ಹೇಳಿದರೆ ನನ್ನ ಹೆಸರು, ಕೆಲಸ, ಈ ಮಿಷನ್ ಮನೆ ಮೂರೂ ಹೋಗುತ್ತವೆ. ರೂತಿಯನ್ನು ಎಲ್ಲಿಗೆ ಕರೆದೊಯ್ಯಲಿ?

೧೨ ಏಪ್ರಿಲ್, ಶನಿವಾರ

ಉಚ್ಚೆಂಗಪ್ಪ ಸಂಡೂರಿನಿಂದ ಬಂದಿದ್ದ. ಹೋದೆ. ಮೈಯೆಲ್ಲ ಅದಿರಿನ ಕೆಂಪು ಧೂಳು, ಹುಬ್ಬು ಕೂಡ ಕೆಂಪು. ಎದ್ದು ನಿಂತ. "ಬರ್ರಿ ಅಮ್ಮಾರ, ಕುಂದ್ರಿ." ಅವನ ಮಗ ಮತ್ತು ರೂತಿ ಅಂಗಳದಲ್ಲಿ ಒಬ್ಬರ ಮುಖದ ಕಲೆ ಇನ್ನೊಬ್ಬರು ಎಣಿಸುವ ಆಟ ಆಡುತ್ತಿದ್ದರು. ಅವನ ಹೆಂಡತಿ ಹಂಪಮ್ಮ ನೀರು ಕೊಟ್ಟು ಒಳಗೆ ಹೋದಳು.

"ನೀವು ಬರದದ್ದು ಖರೇನ ಐತ್ರಿ" ಅಂದ, ನಾನು ಬಾಯಿ ತೆಗೆಯುವ ಮೊದಲೇ. "ಕಟ್ಟಿದ್ದು ನಾನ. ಕರ್ತನ್ನ ಬಿಟ್ಟು ಕಟ್ಟಿದ್ದಲ್ರಿ, ಹೆದರಿ ಕಟ್ಟಿದ್ದು. ಒಂದು ಕೇಳ್ತೀನಿ, ಓದಿದವ್ರು ನೀವು. ರಿಜಿಸ್ಟರ್‌ನ್ಯಾಗ ಗೀಟು ಹೊಡದ್ರ ಮ್ಯಾಲಿನ ಪುಸ್ತಕದಾಗೂ ಹೊಡೀತಾರೇನ್ರಿ?"

ನಮ್ಮ ಕೇರಿಯ ಅರ್ಧ ಜನ ಹಾಗೇ ತಿಳಿದಿದ್ದಾರೆ. ಮೂಕಣ್ಣನ ಕೆಂಪು ಶಾಯಿ ಇಲ್ಲಿ ಬಿದ್ದರೆ ಪರಲೋಕದ ಪುಸ್ತಕಕ್ಕೂ ಇಳಿಯುತ್ತದೆ ಅಂತ. ನಗಬೇಕು ಅನ್ನಿಸಿತು. ಆಗಲಿಲ್ಲ. ನಾನೂ ಎರಡು ತಿಂಗಳಿಂದ ಅದನ್ನೇ ಕೇಳುತ್ತಿದ್ದೇನಲ್ಲ. ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದೆ.

೧೫ ಏಪ್ರಿಲ್, ಮಂಗಳವಾರ

ಬಾವಿಯ ಹತ್ತಿರ ಮರುಳಸಿದ್ದಮ್ಮ ಸಿಕ್ಕಳು, ಮೂಕಣ್ಣನ ಹೆಂಡತಿ. ರೂತಿಯ ಗಲ್ಲ ಹಿಡಿದು, "ಅಂತೂ ಉಳಿದ್ಲಲ್ಲವಾ. ಒಂಬತ್ತು ದಿನ ಸಪ್ಪನ ಸಾರು ಉಂಡದ್ದಕ್ಕ ಸಾರ್ಥಕ ಆತು" ಅಂದಳು.

ರೂತಿಯನ್ನು ಹತ್ತಿರ ಎಳೆದುಕೊಂಡೆ. ನನ್ನ ಮನೆಯ ಸಪ್ಪೆ ಸಾರು ಇವಳಿಗೆ ಹೇಗೆ ಗೊತ್ತು? "ಯಾರು ಉಂಡದ್ದು?" ಅಂದೆ.

"ನಾವ್ರೀ! ನಾವು ಉಂಡದ್ದು. ನಿಮಗ ಗೊತ್ತಿಲ್ಲೇನು? ಹಂಪಮ್ಮ ಮನಿಮನಿಗೂ ಬಂದು ಹೇಳಿ ಹೋದ್ಲು. ಭರಮಮ್ಮಾರ ಮೊಮ್ಮಗಳು ಮಲಗ್ಯಾಳ, ಯಾರೂ ಒಗ್ಗರಣಿ ಹಾಕಬ್ಯಾಡ್ರಿ ಅಂತ. ಇಪ್ಪತ್ತು ಮನ್ಯಾಗೂ ಹಾಕಲಿಲ್ಲ. ನಮ್ಮವರಿಗೆ ಹೇಳಬ್ಯಾಡ್ರಿ ಮತ್ತ."

ಕೊಡ ಅಲ್ಲೇ ಇಟ್ಟು ಕೂತುಬಿಟ್ಟೆ. ಹೌದಲ್ಲ. ಆ ಒಂಬತ್ತು ದಿನ ಬಾಗಿಲು ತೆರೆದೇ ಇತ್ತು. ಬೇರೆ ದಿನಗಳಲ್ಲಿ ಸಂಜೆಯ ಹೊತ್ತು ನಮ್ಮ ಕೇರಿಯಲ್ಲಿ ಸೀನದೆ ದಾಟಲಾಗದು. ಒಂದು ಮನೆಯಿಂದಲೂ ಸಾಸಿವೆ ಸಿಡಿದ ಸದ್ದಿಲ್ಲ. ಬೆಳ್ಳುಳ್ಳಿಯ ವಾಸನೆ ಇಲ್ಲ. ನನ್ನ ಪಾಪ ಬಚ್ಚಿಡುವ ಗಡಿಬಿಡಿಯಲ್ಲಿ ನನ್ನ ಮೂಗಿಗೆ ಅದು ಹತ್ತಲೇ ಇಲ್ಲ.

ಹಂಪಮ್ಮ! ಅವಳ ಮಗ ಮಲಗಿದಾಗ ನಾನು ಬೇಕೆಂದು ಬೆಳ್ಳುಳ್ಳಿ ಹುರಿದೆ. ನನ್ನ ಮೊಮ್ಮಗಳು ಮಲಗಿದಾಗ ಅವಳು ಇಡೀ ಕೇರಿಯ ಒಗ್ಗರಣೆ ನಿಲ್ಲಿಸಿದಳು. ಊರಮ್ಮನಿಗೆ ಕೈ ಮುಗಿದದ್ದು ಹೆದರಿಕೆಯ ಪಾಪ. ಈ ಬೆಳ್ಳುಳ್ಳಿಯದು ಸೊಕ್ಕಿನ ಪಾಪ. ಎರಡು ತಿಂಗಳಿಂದ ಸಣ್ಣದಕ್ಕೆ ಅಳುತ್ತಿದ್ದೆ, ದೊಡ್ಡದು ನೆನಪಿಗೇ ಬಂದಿರಲಿಲ್ಲ. ನಾಚಿಕೆಯಾಯಿತು. ಬಿಕ್ಕಿ ಬಿಕ್ಕಿ ಅತ್ತೆ, ಬಾವಿಕಟ್ಟೆಯ ಮೇಲೆ, ಹಾಡುಹಗಲು.

೧೭ ಏಪ್ರಿಲ್, ಗುರುವಾರ

ಒಂದು ದುರ್ಬುದ್ಧಿ ಬಂದಿತ್ತು. ಬರೆದೇ ಬಿಡುತ್ತೇನೆ. ನಾಳೆ ಎದ್ದು, "ಮೂಕಣ್ಣನೋರ, ನಿಮ್ಮ ಮನಿ ಸಾರಿಗೆ ಒಗ್ಗರಣಿ ಇತ್ತೇನ್ರಿ?" ಎಂದರೆ ಮುಗಿಯಿತು. ಹಿರಿತನವೆಲ್ಲ ಒಂದೇ ಏಟಿಗೆ ಮಣ್ಣುಪಾಲು. ಎಷ್ಟು ಸವಿ! ಅರ್ಧ ದಿನ ಚಪ್ಪರಿಸಿದೆ. ಆಮೇಲೆ ಉಗಿದೆ. ಮರುಳಸಿದ್ದಮ್ಮ ನಂಬಿ ಹೇಳಿದ್ದು, ಅದೂ ನನ್ನ ಮಗುವಿಗಾಗಿ ಮಾಡಿದ್ದು. ಮತ್ತೊಬ್ಬರ ಬಾಗಿಲ ಬೇವು ನೋಡಿ ಬರೆದದ್ದು ಒಂದು ಸಲಕ್ಕೆ ಸಾಕು. ನಾಳೆ ನನ್ನದು ಮಾತ್ರ ಹೇಳುವುದು.

ರೂತಿ ಬಂದು ಮಡಿಲಲ್ಲಿ ಕೂತು ನನ್ನ ಮುಂಗೈಯ ಗುರುತು ಮುಟ್ಟಿದಳು.

"ಅಜ್ಜಿ, ಇದು ನಾ ಕಚ್ಚಿದ್ದಾ?"

"ಹೂಂ."

"ನೋಯ್ತಾ?"

"ನೋಯ್ತು."

"ಮತ್ತ ನೀ ಯಾಕ ಬಿಟ್ಟು ಹೋಗಲಿಲ್ಲ? ನಾ ಹೋಗು ಅಂದೆನಲ್ಲ."

"ನೀ ಹೋಗು ಅಂದ್ರ ಹೋಗಾಕ ನಾನೇನು ಬಾಡಿಗಿ ಅಜ್ಜೀನಾ?" ಅಂದೆ. ನಕ್ಕಳು. ಜ್ವರ ಬಿಟ್ಟ ದಿನ ಮಾಡಿದ ಹಾಗೆ ಗಾಯದ ಗುರುತಿಗೆ ಉಫ್ ಎಂದು ಊದಿ ಆಡಲು ಓಡಿದಳು.

ಅವಳು ಅಂಗಳ ದಾಟುವಷ್ಟರಲ್ಲಿ ನನಗೆ ಹೊಳೆಯಿತು. ನಾನೇ ಕೊಸರಿಕೊಂಡರೆ ಎಂದು ಕೇಳಿದ್ದೆನಲ್ಲ? ಇವಳು ಕೊಸರಿದಳು, ಕಚ್ಚಿದಳು, ಬೇಡವೇ ಬೇಡ ಅಂದಳು. ಬಿಟ್ಟೆನೇ? ಕೋಪಿಷ್ಠೆ, ಸೊಕ್ಕಿನವಳು ನಾನು, ನಾನೇ ಬಿಡಲಿಲ್ಲ. ಇನ್ನು ಕರ್ತ ಬಿಡುತ್ತಾನೆಯೇ! ನಾನು ಮೊಸರನ್ನ ಹಿಡಿದು ಹೋದ ಆ ಮಧ್ಯಾಹ್ನ ಕೂಡ ನನ್ನ ಮುಂಗೈ ಅವನ ಕೈಯಲ್ಲೇ ಇತ್ತು. ಇತ್ತು! ನಾನು ಹಿಡಿದದ್ದು ಜಾರಿತ್ತು, ಅವನು ಹಿಡಿದದ್ದಲ್ಲ.

ಎದ್ದು ಮನೆಯೊಳಗೆ ಒಬ್ಬಳೇ ಗಟ್ಟಿಯಾಗಿ ಹಾಡಿದೆ. ಪಕ್ಕದ ಮನೆಯವರು ಗೋಡೆ ತಟ್ಟಿದರು.

೧೮ ಏಪ್ರಿಲ್, ಶುಭ ಶುಕ್ರವಾರ. ಸಂಜೆ ಐದು

ಮರೆಯುವ ಮೊದಲು ಎಲ್ಲ ಬರೆಯಬೇಕು.

ಆರಾಧನೆ ಮುಗಿಯಿತು. ಮೇಜಿನ ಮೇಲೆ ರಿಜಿಸ್ಟರ್, ಕೆಂಪು ಶಾಯಿಯ ದೌತಿ. ಉಚ್ಚೆಂಗಪ್ಪ ಮುಂದೆ ನಿಂತಿದ್ದ, ತಲೆ ತೊಳೆದು ಎಣ್ಣೆ ಹಚ್ಚಿಕೊಂಡು ಬಂದಿದ್ದ. "ಓದ್ರಿ ಭರಮಮ್ಮಾರ" ಅಂದ ಮೂಕಣ್ಣ.

ಓದಿದೆ. "ಫೆಬ್ರವರಿ ಆರು. ಉಚ್ಚೆಂಗಪ್ಪನ ಬಾಗಿಲಿಗೆ ಬೇವು ಕಂಡಿತು." ಮೂಕಣ್ಣ ಲೇಖನಿ ಎತ್ತಿಕೊಂಡ. "ಇನ್ನೂ ಐತ್ರಿ" ಅಂದೆ. ಹಾಳೆ ತಿರುವಿದೆ. ಮುಂದಿನದು ಖಾಲಿ ಹಾಳೆ. ಅದನ್ನೇ ಓದಿದೆ.

"ಫೆಬ್ರವರಿ ಆರು, ಅದ ಸಂಜಿ. ಉಚ್ಚೆಂಗಪ್ಪನ ಮಗ ಮಲಗಿದ್ದಾಗ ಬೋಧಕಿ ಭರಮಮ್ಮ ಬೇಕಂತಲೇ ಎರಡು ಪಾಲು ಬೆಳ್ಳುಳ್ಳಿ ಒಗ್ಗರಣಿ ಹಾಕಿದ್ಲು. ಫೆಬ್ರವರಿ ಇಪ್ಪತ್ತೆರಡು. ಅದ ಭರಮಮ್ಮ ಮೊಮ್ಮಗಳ ಸಲುವಾಗಿ ಊರಮ್ಮನ ಗುಡಿಗೆ ಹೋಗಿ ಮೊಸರನ್ನ, ಬಳಿ ಕೊಟ್ಟು ಕೈ ಮುಗಿದ್ಲು. ಮನಸಿನಿಂದ ಮುಗಿದ್ಲು."

ಮೂಕಣ್ಣನ ಲೇಖನಿಯಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು.

"ಗೀಟು ಹೊಡೀರಿ" ಅಂದೆ. "ಪಟ್ಟಿಯಾಗ ನನ್ನ ಹೆಸರು ಉಚ್ಚೆಂಗಪ್ಪಗಿಂತ ಮ್ಯಾಲೈತಿ, ಮೊದಲ ಅದಕ್ಕ ಹೊಡೀರಿ. ಆದ್ರ ಆ ಗೀಟು ನಿಮ್ಮ ಪುಸ್ತಕದ್ದು ಅಷ್ಟ. ನಾ ಕರ್ತನ ಕೈ ಬಿಟ್ಟೆ, ಖರೆ. ಅವ ನನ್ನ ಕೈ ಬಿಟ್ಟಿಲ್ಲ." ಮುಂಗೈ ಎತ್ತಿ ತೋರಿಸಿದೆ. "ಇದು ರೂತಿ ಕಚ್ಚಿದ್ದು. ಹೋಗು ಹೋಗು ಅಂತ ಕಚ್ಚಿದ್ಲು. ನಾ ಬಿಡಲಿಲ್ಲ. ನನಗಿಂತ ಅವ ಕಡಿಮಿ ಏನ್ರಿ?"

ಮೂಕಣ್ಣ ಗುಡುಗಿದ. "ಹಂಗಾದ್ರ ಏನ್ ಮಾಡಿದ್ರೂ ನಡೀತೈತಿ ಅಂದಂಗಾತು! ಮುಂಜಾನೆ ಗುಡಿ, ಸಂಜಿಕ ಸಭಿ!"

"ಇಲ್ರಿ. ಜ್ವರ ಬಿಟ್ಟ ದಿನ ಆ ಕೂಸು ಇದ ಗಾಯಕ್ಕ ಊದಿತು. ಅಜ್ಜಿ ಹೆಂಗೂ ಬಿಡಂಗಿಲ್ಲ, ದಿನಾ ಕಚ್ಚೋಣ ಅಂತ ಯಾವ ಕೂಸೂ ಅನ್ನಂಗಿಲ್ರಿ."

ಆಗ ಹೆಂಗಸರ ಕಡೆಯಿಂದ ಬೆಂಚು ಕಿರುಗುಟ್ಟಿತು. ಮರುಳಸಿದ್ದಮ್ಮ ಎದ್ದು ನಿಂತಳು. ನಾನು ಬೇಡ ಎಂದು ತಲೆಯಾಡಿಸಿದೆ, ಆಣೆ ಮಾಡಿ ಹೇಳುತ್ತೇನೆ. ನೋಡಲೇ ಇಲ್ಲ.

"ನಮ್ಮನ್ಯಾಗೂ ಒಂಬತ್ತು ದಿನ ಒಗ್ಗರಣಿ ಹಾಕಲಿಲ್ರಿ. ಬಾಗಿಲ ಹಿಂದ ಬೇವೂ ಇಟ್ಟಿದ್ದೆ."

"ಏನಂದಿ? ನನಗ ಗೊತ್ತ ಇದ್ದಿಲ್ಲ!" ಅಂದ ಮೂಕಣ್ಣ.

"ಒಂಬತ್ತು ದಿನ ಸಪ್ಪನ ಸಾರು ಸುರಕೊಂಡು ಉಂಡ್ರಲ್ಲ, ಯಾಕಂತ ಒಂದಿನ ಕೇಳಿದ್ರೇನು? ಬ್ಯಾರೆ ದಿನ ಸಾಸಿವಿ ಒಂದು ಸಿಡೀಲಿಲ್ಲ ಅಂದ್ರ ಕೇರಿ ತುಂಬ ಕೇಳ್ಕೊಂಡು ತಿರುಗವ್ರು ನೀವು!"

ಮೊದಲು ಯಾರು ನಕ್ಕರೋ ತಿಳಿಯದು. ಶುಭ ಶುಕ್ರವಾರ ನಮ್ಮ ಸಭೆಯಲ್ಲಿ ಯಾರೂ ಹಲ್ಲು ಕಾಣಿಸಿದ್ದಿಲ್ಲ. ಒಬ್ಬಳು ಎದ್ದಳು, "ನಮ್ಮನ್ಯಾಗೂ". ಹಿಂದಿನ ಬೆಂಚಿನಿಂದ ಒಬ್ಬ, "ನಾನೂ ಒಂದು ಕೋಳಿ..." ಎಂದು ಅರ್ಧಕ್ಕೆ ನಿಲ್ಲಿಸಿದ. ಎದ್ದವರೆಲ್ಲ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ಹನ್ನೆರಡು ಮನೆ ಎಣಿಸಿದೆ, ಆಮೇಲೆ ಬಿಟ್ಟೆ.

ಅಯ್ಯನವರು ಎದ್ದರು. "ಎಲ್ಲಾರ ಹೆಸರೂ ಹೊಡದ್ರ ಭಾನುವಾರ ರೊಟ್ಟಿ ಮುರಿಯಾಕ ನಾನೊಬ್ನ ಉಳೀತೀನಿ" ಎಂದರು. ಮುಂದಿನ ಬೆಂಚಿನಲ್ಲಿ ಅವರ ಹೆಂಡತಿ ಗಂಟಲು ಸರಿಮಾಡಿಕೊಂಡರು. ಅಯ್ಯನವರು ಅವರನ್ನು ನೋಡಿದರು. ಆಮೇಲೆ ರಿಜಿಸ್ಟರ್ ಮುಚ್ಚಿದರು.

"ಕೆಂಪು ಶಾಯಿ ಸಾಲಂಗಿಲ್ಲ ಮೂಕಣ್ಣ. ದೌತಿ ಒಳಗಿಡು."

ಮೂಕಣ್ಣ ದೌತಿ ಒಳಗಿಟ್ಟ. ನಂತರ ಉಚ್ಚೆಂಗಪ್ಪನ ಹತ್ತಿರ ಹೋಗಿ, ಭುಜ ಹಿಡಿದು, ತನ್ನ ಬೆಂಚಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಹೊರಗೆ ಅಯ್ಯನವರು ನನ್ನನ್ನು ತಡೆದರು. "ಕಂಪ್ಲಿಯಾಕಿ ನೀವ ಅಂತ ತಿಳಿದಿದ್ರ ಅವತ್ತು ಹಂಗ ಹೇಳ್ತಿದ್ದಿಲ್ರಿ."

"ಕಂಪ್ಲಿಯಾಕಿಗೆ ಒಂದು, ನನಗೊಂದು ಇರ್ತೈತೇನ್ರಿ?" ಅಂದೆ. ಕನ್ನಡಕ ಒರೆಸಿಕೊಂಡರು. "ಇಲ್ಲ. ನಾನ ಇನ್ನೂ ಕಲೀಬೇಕು" ಎಂದರು. ದೊಡ್ಡ ಮನುಷ್ಯ.

ಹಂಪಮ್ಮನ ಮುಂದೆ ಹೋಗಿ ನಿಂತೆ. "ಅವತ್ತಿನ ಘಾಟು ನಿಮ್ದ ಅಂತ ನನಗ ಗೊತ್ತಿತ್ರಿ" ಅಂದಳು. "ಬಾಗಿಲು ಹಾಕ್ಕೊಂಡೆ." ಗೊತ್ತಿದ್ದೂ ರೂತಿಗಾಗಿ ಮನೆಮನೆ ತಿರುಗಿದಳು! ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. "ಬಿಡ್ರಿ ಅಮ್ಮಾರ, ಜನ ನೋಡ್ತಾರ" ಅಂದಳು. ನೋಡಲಿ.

೨೦ ಏಪ್ರಿಲ್, ಈಸ್ಟರ್ ಭಾನುವಾರ. ಮಧ್ಯಾಹ್ನ

ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಗುಡ್ಡ ಹತ್ತಿದೆವು. ಇಡೀ ಕೇರಿ. ಕರ್ತ ಎದ್ದಿದ್ದಾನೆ ಎಂದು ಹಾಡಿದಾಗ ಗುಡ್ಡವೇ ತಿರುಗಿ ಹಾಡಿತು. ನನ್ನ ಸ್ವರ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಹದಿನೇಳು ವರ್ಷ ಬೇರೆಯವರಿಗಾಗಿ ಹಾಡಿದ್ದೆ. ಇವತ್ತು ನನಗಾಗಿ.

ಕೆಲಸ ಉಳಿಯುತ್ತದೋ ಇಲ್ಲವೋ ಮಿಸ್ಸಮ್ಮ ಬಂದ ಮೇಲೆ ತಿಳಿಯುತ್ತದೆ. ಕಾಗದ ನಾನೇ ಬರೆದು ಹಾಕಿದ್ದೇನೆ, ಏನೂ ಮುಚ್ಚಿಡದೆ. ಹೆದರಿಕೆ ಇಲ್ಲ. ಮನೆ ಬಿಡಿಸಿದರೆ ತನ್ನ ಮನೆಯ ಹಿಂದಿನ ಕೋಣೆ ಇದೆ ಎಂದು ಹೇಳಿ ಕಳಿಸಿದ್ದು ಯಾರು? ಮೂಕಣ್ಣ!

ಕರ್ತನ ಭೋಜನ. ಉಚ್ಚೆಂಗಪ್ಪ ನನ್ನ ಮುಂದೆಯೇ ರೊಟ್ಟಿ ತೆಗೆದುಕೊಂಡ. ಉಗುರ ಸಂದಿಯಲ್ಲಿ ಅದಿರಿನ ಕೆಂಪು ಇನ್ನೂ ಇತ್ತು. ಹೊರಗೆ ಬಂದು ಅವನಿಗೆ ಸಾಲ ಉಳಿದಿದ್ದ ಉತ್ತರ ಕೊಟ್ಟೆ.

"ಉಚ್ಚೆಂಗಪ್ಪ, ಮ್ಯಾಲಿನ ಪುಸ್ತಕದಾಗೂ ಕೆಂಪು ಶಾಯಿನ, ಕರ್ತನ ರಕ್ತದ್ದು. ಆದ್ರ ಅಲ್ಲಿ ಹೆಸರು ಹೊಡಿಯಾಕಲ್ಲ, ಬರಿಯಾಕ."

"ಹಂಗಾದ್ರ ಗಟ್ಟಿ ಶಾಯಿ ಐತ್ರಿ" ಅಂದು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದ.

ಅಕ್ಕನಾಗಮ್ಮನಿಗೆ ಶುಕ್ರವಾರ ಹೇಳಬೇಕು, ಹುಡುಕಿದೆ, ಸಿಕ್ಕಿತು ಅಂತ. "ನಾ ಹೇಳಿದ್ದ ಅಲ್ಲವಾ ಅದು" ಅನ್ನುತ್ತಾಳೆ, ಗೊತ್ತು. ಅನ್ನಲಿ, ಮಜ್ಜಿಗೆ ಕುಡಿದು ಬರುತ್ತೇನೆ.

ಈಗ ಅಂಗಳದಲ್ಲಿ ಇಪ್ಪತ್ತು ಮನೆಯ ಅಡುಗೆ ಒಂದೇ ಕಡೆ. ದೊಡ್ಡ ಬಾಣಲೆ ಮರುಳಸಿದ್ದಮ್ಮನದು, ಬೆಳ್ಳುಳ್ಳಿ ಎಲ್ಲರದು. ಒಂಬತ್ತು ದಿನದ ಬಾಕಿ ಒಗ್ಗರಣೆ ಇವತ್ತು ಒಂದೇ ಸಲ ಅಂತೆ. ಎಣ್ಣೆ ಕಾದಿದೆ. ಹಂಪಮ್ಮ ಕರೆಯುತ್ತಿದ್ದಾಳೆ, ಮೊದಲ ಹಿಡಿ ಸಾಸಿವೆ ನಾನೇ ಹಾಕಬೇಕಂತೆ. ರೂತಿ ಈಗಲೇ ಮೂಗು ಮುಚ್ಚಿಕೊಂಡು ನಿಂತಿದ್ದಾಳೆ. ಬಂದೆ ಬಂದೆ —